ಮಾರ್ಚ್ 23ರ ಪಾಯಸ



ಭಾನುವಾರದ ಬಲಿಪೂಜೆಯ ಕೊನೆಗೆ, ಆ ವಾರ ಹುಟ್ಟುಹಬ್ಬ ಇರುವವರನ್ನು ಪೀಠದ ಮುಂದೆ ಕರೆದು ಅವರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮ ಧರ್ಮಕೇಂದ್ರದಲ್ಲಿದೆ. ಒಂದು ಏಪ್ರಿಲ್ ತಿಂಗಳಲ್ಲಿ ಒಂದೇ ಮನೆಯಿಂದ ಇಬ್ಬರು ಬಂದು ನಿಂತರು, ಅಜ್ಜ ಮತ್ತು ಮೊಮ್ಮಗ. ಇಬ್ಬರದೂ 24ನೇ ತಾರೀಕು. ಪೂಜೆ ಮುಗಿದದ್ದೇ ಹುಡುಗ ಓಡಿ ಬಂದು, "ಫಾದರ್, ನಂದು ಸಚಿನ್ ತೆಂಡೂಲ್ಕರ್ ಹುಟ್ಟಿದ ದಿನ" ಎಂದ. ಅಜ್ಜ ಬಿಡಬೇಕಲ್ಲ! "ಅದು ರಾಜ್‌ಕುಮಾರ್ ಹುಟ್ಟಿದ ದಿನ ಫಾದರ್, ಸಚಿನ್ ಆಮೇಲೆ ಬಂದದ್ದು" ಎಂದರು. ಇಬ್ಬರ ಮಾತೂ ನಿಜವೇ. ರಾಜ್‌ಕುಮಾರ್ 1929ರ ಏಪ್ರಿಲ್ 24ರಂದು ಹುಟ್ಟಿದವರು, ಸಚಿನ್ 1973ರ ಏಪ್ರಿಲ್ 24ರಂದು. ಆದರೆ ತಮ್ಮಿಬ್ಬರ ಹುಟ್ಟುಹಬ್ಬ ಒಂದೇ ದಿನ ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಅವರನ್ನು ನೋಡಿ ನಗು ಬಂತು. ರಾತ್ರಿ ಮಲಗಿದಾಗ ಆ ನಗು ಉಳಿಯಲಿಲ್ಲ. ಏಕೆಂದರೆ ನಾವೂ ಬಹಳ ವರ್ಷ ಹಾಗೆಯೇ ಇದ್ದವರು.

ನಾವು ಹುಟ್ಟಿದ್ದು 1979ರ ಮಾರ್ಚ್ 23ರಂದು, ಕಾಸರಗೋಡು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ. ನಮ್ಮ ಕನ್ನಡ ಮಾಸ್ತರರು ಹಾಜರಿ ಪುಸ್ತಕದಲ್ಲಿ ನಮ್ಮ ಜನ್ಮದಿನ ನೋಡಿ, "ಎಲಾ, ಗೋವಿಂದ ಪೈಗಳ ದಿನವಲ್ಲವೇ ನಿನ್ನದು!" ಎಂದು ಎದ್ದು ನಿಲ್ಲಿಸಿದರು. ಅಂದಿನಿಂದ ವಾರ್ಷಿಕ ಪರೀಕ್ಷೆಯ ಗಡಿಬಿಡಿಯಲ್ಲೂ ಪ್ರತಿ ಮಾರ್ಚ್ 23ಕ್ಕೆ ಎದ್ದು ನಿಲ್ಲುವುದು ನಮ್ಮ ಪಾಲಿಗೆ ಬಂತು. ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಅವರ ಊರೂ ನಮ್ಮ ಊರೂ ಕೇರಳಕ್ಕೆ ಸೇರಿದವು. ಕ್ರೈಸ್ತರಲ್ಲದ ಅವರು ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಕಾವ್ಯ ಬರೆದರು. ಗುರುಮಠ ಸೇರಿದ ಮೇಲೆ ನಾವು ಅದನ್ನು ಓದಿದೆವು. ಸುಲಭದ ಕನ್ನಡವಲ್ಲ, ನಿಘಂಟು ಪಕ್ಕದಲ್ಲಿರಬೇಕು. ಆದರೂ ಇದು ನಮ್ಮ ದಿನದವರು ಬರೆದದ್ದು ಎಂಬ ಹೆಮ್ಮೆಯಿಂದ ಬಿಡದೆ ಓದಿದೆವು. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿತ್ತೋ!

ಗುರುಮಠದ ಗ್ರಂಥಾಲಯದಲ್ಲಿ ನಮಗೆ ಇನ್ನೊಬ್ಬರು ಸಿಕ್ಕಿದರು, ರಾಮಮನೋಹರ ಲೋಹಿಯಾ. ಹುಟ್ಟಿದ್ದು 1910ರ ಮಾರ್ಚ್ 23. ಆದರೆ ಅವರು ತಮ್ಮ ಹುಟ್ಟುಹಬ್ಬವನ್ನು ಆಚರಿಸುತ್ತಿರಲಿಲ್ಲ. 1931ರಲ್ಲಿ ಅದೇ ದಿನ ಲಾಹೋರಿನ ಸೆರೆಮನೆಯಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಲಾಗಿತ್ತು. ಆ ದಿನ ಅವರದಾಗಿರಲಿ, ನನ್ನದು ಬೇಡ ಎಂಬುದು ಲೋಹಿಯಾರ ನಿಲುವು. ಓದಿದಾಗ, ಇದು ದೊಡ್ಡವರ ಸಂಗತಿ ಎಂದುಕೊಂಡು ಪುಟ ತಿರುಗಿಸಿದ್ದೆವು.

ಧರ್ಮಸಭೆಯಂತೂ ಹುಟ್ಟುಹಬ್ಬದ ವಿಷಯದಲ್ಲಿ ಬಹಳ ಬಿಗಿ. ಪೂಜಾವರ್ಷದಲ್ಲಿ ಜನ್ಮದಿನ ಎಂದು ಆಚರಿಸುವುದು ಮೂವರದನ್ನು ಮಾತ್ರ: ಡಿಸೆಂಬರ್ 25ಕ್ಕೆ ಪ್ರಭುವಿನದು, ಜೂನ್ 24ಕ್ಕೆ ಸ್ನಾನಿಕ ಯೊವಾನ್ನರದು, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳದು. ಈ ಕೊನೆಯದೇ ನಮ್ಮ ತೆನೆಹಬ್ಬ. ಉಳಿದ ಸಂತರಿಗೆ ಸಾಮಾನ್ಯವಾಗಿ ತೀರಿಕೊಂಡ ದಿನವೇ ಹಬ್ಬ. ಮಾರ್ಚ್ 23ರ ಸಂತರು ಲಿಮಾದ ಧರ್ಮಾಧ್ಯಕ್ಷ ತುರಿಬಿಯುಸ್, 1606ರ ಆ ದಿನ ತೀರಿಕೊಂಡವರು. ದಿನದ ಸಂತರ ಹೆಸರಿಡುವ ರೂಢಿಯನ್ನು ನಮ್ಮ ಅಜ್ಜಿ ಆ ಒಂದು ಸಲ ಮರೆತದ್ದಕ್ಕೆ ನಾವು ಋಣಿಗಳು!

ಮಾರ್ಚ್ 23 ಹೆಚ್ಚುಕಡಿಮೆ ಯಾವಾಗಲೂ ತಪಸ್ಸು ಕಾಲದಲ್ಲೇ ಬೀಳುತ್ತದೆ. ನಾವು ಹುಟ್ಟಿದ್ದೂ ತಪಸ್ಸು ಕಾಲದ ಒಂದು ಶುಕ್ರವಾರ. ಹಾಗಾಗಿ ಕೋಳಿ, ಹಂದಿಮಾಂಸ ಯಾವುದೂ ಇಲ್ಲದ ಹುಟ್ಟುಹಬ್ಬ ನಮ್ಮದು. ಕಡಲೆಬೇಳೆ, ಬೆಲ್ಲ, ತೆಂಗಿನಹಾಲು ಹಾಕಿದ ಪಾಯಸ, ಮನೆಮಾತಿನಲ್ಲಿ ವೊರ್ನ್, ಅಷ್ಟೇ. ಅಮ್ಮ ಅದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. 1995ರಲ್ಲಿ ನಾವು ಗುರುಮಠ ಸೇರಿದ ಮೇಲೂ ಮಾರ್ಚ್ 23ಕ್ಕೆ ಮನೆಯಲ್ಲಿ ಪಾಯಸ ಆಗುತ್ತಿತ್ತು. ಪಕ್ಕದ ಮನೆಗೆ ಫೋನ್ ಮಾಡಿದರೆ ಅಪ್ಪ ಬಂದು ರಿಸೀವರ್ ಹಿಡಿದು, "ಪಾಯಸ ಆಯಿತು ಪುತಾ" ಎನ್ನುತ್ತಿದ್ದರು. ಅವರ ಮಾತು ಅಷ್ಟೇ. ಮಗ ಊರಲ್ಲಿಲ್ಲದಿದ್ದರೂ ಅವನ ಹುಟ್ಟುಹಬ್ಬ ಮಾಡುತ್ತಾರಲ್ಲ ಎಂದು ನಾವು ಒಳಗೊಳಗೇ ಹಿಗ್ಗುತ್ತಿದ್ದೆವು.

ಅಪ್ಪನಿಗೆ ಹುಟ್ಟುಹಬ್ಬ ಎಂಬುದೇ ಇರಲಿಲ್ಲ. ರೇಷನ್ ಕಾರ್ಡಿನ ಪ್ರಕಾರ ಅವರು ಹುಟ್ಟಿದ್ದು 1946ರ ಜೂನ್ 1. ಹಳೆಯ ತಲೆಗಳಿಗೆ ಇದರ ಗುಟ್ಟು ಗೊತ್ತು. ಆಗ ಶಾಲೆಗೆ ಸೇರಿಸುವಾಗ ಜನನ ಪತ್ರ ಯಾರೂ ಕೇಳುತ್ತಿರಲಿಲ್ಲ, ವಯಸ್ಸು ತುಂಬುವಂತೆ ಮಾಸ್ತರರು ಒಂದು ತಾರೀಕು ಹಾಕಿಬಿಡುತ್ತಿದ್ದರು. ಕೇರಳದಲ್ಲಿ ವರ್ಷವರ್ಷ ಮೇ 31ಕ್ಕೆ ಸಾವಿರಾರು ಸರಕಾರಿ ನೌಕರರು ಒಟ್ಟಿಗೆ ನಿವೃತ್ತರಾಗುವುದನ್ನು ಪತ್ರಿಕೆಯಲ್ಲಿ ಓದಿದ್ದೀರಲ್ಲ? ಅವರಲ್ಲಿ ಬಹಳ ಮಂದಿಯ ಜನ್ಮದಿನ ಶಾಲೆಯ ಬಾಗಿಲಲ್ಲಿ ಹುಟ್ಟಿದ್ದು. ಅಪ್ಪನದೂ ಹಾಗೆಯೇ ಎಂದು ನಾವು ತಿಳಿದಿದ್ದೆವು. ಜೂನ್ 1ಕ್ಕೆ ಶುಭಾಶಯ ಹೇಳಲು ಹೋದರೆ, "ಅದು ಮಾಸ್ತರರ ಹುಟ್ಟುಹಬ್ಬ, ನನ್ನದಲ್ಲ" ಎಂದು ನಗುತ್ತಿದ್ದರು. ಹಾಗಾದರೆ ನಿಮ್ಮದು ಯಾವುದು ಎಂದು ನಾವು ಒಂದು ಸಲವಾದರೂ ಕೇಳಿದ್ದರೆ!

2014ರ ಆಗಸ್ಟ್‌ನಲ್ಲಿ, ಆಟಿಯ ಮಳೆ ಇನ್ನೂ ಬಿಡದ ದಿನಗಳಲ್ಲಿ, ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಯ ಮರುದಿನ ನಮ್ಮೂರಿನ ಧರ್ಮಗುರುಗಳು ಮರಣದ ಪುಸ್ತಕ ತೆರೆದು, "ವಯಸ್ಸು ಎಷ್ಟು ಬರೆಯಲಿ?" ಎಂದರು. ರೇಷನ್ ಕಾರ್ಡು ನಂಬುವಂಥದ್ದಲ್ಲ. ಜ್ಞಾನಸ್ನಾನದ ಹಳೆಯ ಪುಸ್ತಕವನ್ನೇ ನೋಡೋಣ ಎಂದು ನಾವೇ ಕಪಾಟಿನಿಂದ ಇಳಿಸಿದೆವು. ಅಂಚು ಹುಳು ತಿಂದಿತ್ತು, ಬರಹ ಲ್ಯಾಟಿನ್. ಅಜ್ಜನ ಹೆಸರು, ಅಜ್ಜಿಯ ಹೆಸರು, ಅಪ್ಪನ ಹೆಸರು. ಜ್ಞಾನಸ್ನಾನ 1947ರ ಮಾರ್ಚ್ 25, ಮಂಗಳವಾರ್ತೆಯ ಹಬ್ಬದಂದು. ಹುಟ್ಟಿದ್ದು ಅದಕ್ಕೆ ಎರಡು ದಿನ ಮೊದಲು.

ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ನಿಂತೆವೋ. ಆ ಗುರುಗಳು ಪಾಪ, ನಮಗೆ ಲ್ಯಾಟಿನ್ ಮರೆತುಹೋಗಿದೆ ಎಂದುಕೊಂಡು ಸಹಾಯಕ್ಕೆ ಬಂದರು.

ಮನೆಗೆ ಬಂದು ಅಮ್ಮನನ್ನು ಕೇಳಿದೆವು. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಗೊತ್ತಿತ್ತು. ನೀನು ಹುಟ್ಟಿದ ದಿನವೇ ನಿನ್ನ ಅಜ್ಜಿ ಹೇಳಿದ್ದರು, ಇವನೂ ಅಪ್ಪನ ದಿನವೇ ಬಂದ ಅಂತ. ಒಂದು ದಿನಕ್ಕೆ ಇಬ್ಬರು ಯಾಕೆ, ಮಗುವಿಗೇ ಇರಲಿ ಅಂದರು. ನಿನಗೆ ಹೇಳುವುದು ಬೇಡ ಅಂದರು." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಗುರುಮಠದಲ್ಲಿದ್ದ ನಿನಗೆ ಇಲ್ಲಿಂದ ಪಾಯಸ ಮುಟ್ಟುತ್ತಿತ್ತೇ? ಯಾರಿಗೆ ಮಾಡುತ್ತಿದ್ದೆ ಅಂದುಕೊಂಡೆ?" ಎಂದರು.

ಆಗ 2008 ನೆನಪಾಯಿತು. ಆ ವರ್ಷ ಪಾಸ್ಖ ಹಬ್ಬ ಬಂದದ್ದು ಮಾರ್ಚ್ 23ಕ್ಕೆ. ಅಷ್ಟು ಬೇಗ ಬರುವುದು ಬಹಳ ಅಪರೂಪ. ಅದಕ್ಕೆ ಮೊದಲು 1913ರಲ್ಲಿ ಬಂದಿತ್ತು, ಮುಂದೆ ಬರುವುದು 2160ರಲ್ಲಿ. ನಾವು ಆಗ ಡೀಕನ್, ಹಬ್ಬಕ್ಕೆ ಊರಿಗೆ ಬಂದಿದ್ದೆವು. ಹುಟ್ಟುಹಬ್ಬಕ್ಕೆ ಮೊದಲ ಸಲ ಮಾಂಸದೂಟ ಎಂದು ಮನೆಯಲ್ಲೆಲ್ಲ ನಗೆಯೋ ನಗೆ. ಅಪ್ಪ ಹೊಸ ಅಂಗಿ ಹಾಕಿದ್ದರು. ಊಟಕ್ಕೆ ಕೂತಾಗ, "ಈ ಸಲ ಒಳ್ಳೆಯ ದಿನ ಬಂತು ಅಲ್ಲವಾ" ಎಂದು ಎರಡು ಸಲ ಹೇಳಿದರು. ಹಬ್ಬದ ಮಾತು ಎಂದುಕೊಂಡು ನಾವು ತಲೆಯಾಡಿಸಿದೆವು. ಅಪ್ಪನೊಡನೆ ಒಂದೇ ಮೇಜಿನಲ್ಲಿ ಕೂತು ಕಳೆದ ಹುಟ್ಟುಹಬ್ಬಗಳಲ್ಲಿ ಅದೇ ಕೊನೆಯದು. ಮುಂದೆ ಮಾರ್ಚ್ ಎಂದರೆ ನಮಗೆ ಧ್ಯಾನಕೂಟ, ಶಿಲುಬೆಯ ಹಾದಿ, ಪಾಪನಿವೇದನೆ ಕೇಳುವುದು, ಎಲ್ಲಿಯ ಊರು!

ಗೋವಿಂದ ಪೈಗಳ ದಿನ, ಲೋಹಿಯಾರ ದಿನ ಎಂದು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೆವು. ಅಪ್ಪನ ಎದುರಿಗೂ ಹೇಳಿದ್ದೆವು. ಅವರು ಕೇಳಿ, "ದೊಡ್ಡವರ ಸಾಲಿಗೆ ಸೇರಿದೆ" ಎಂದು ನಕ್ಕಿದ್ದರು. ಆ ನಗು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಈಗ ನಮ್ಮ ಕಚೇರಿಯ ಪುಸ್ತಕಗಳ ಬಗ್ಗೆ ಒಂದು ಮಾತು. ಆಧಾರ್‌ನಲ್ಲಿ ಜನವರಿ 1, ಶಾಲೆಯಲ್ಲಿ ಜೂನ್ 1 ಎಂದಿರುವ ಹಿರಿಯರು ಈ ಧರ್ಮಕೇಂದ್ರದಲ್ಲಿ ಬೇಕಷ್ಟು ಇದ್ದಾರೆ. ಅವರಲ್ಲಿ ಅನೇಕರ ನಿಜವಾದ ತಾರೀಕು ನಮ್ಮ ಕಪಾಟಿನಲ್ಲಿದೆ. ಭಾನುವಾರ ಪೂಜೆಯ ನಂತರ ಬನ್ನಿ, ಹುಡುಕಿ ಕೊಡುತ್ತೇವೆ. ಶುಲ್ಕವಿಲ್ಲ. ಹಿರಿಯರು ಇರುವಾಗಲೇ ಬನ್ನಿ. ಆ ಏಪ್ರಿಲ್ 24ರ ಅಜ್ಜನಿಗೂ ಮೊಮ್ಮಗನಿಗೂ ನಮ್ಮ ಕಥೆ ಹೇಳಿದ್ದೇವೆ. ಹುಡುಗ ಪೂರ್ತಿ ಕೇಳಿ, "ಹಾಗಾದರೆ ಕೇಕ್ ಮೇಲೆ ಅಜ್ಜನ ಹೆಸರೂ ಬರೆಸಬೇಕು" ಎಂದ. ಅಜ್ಜನ ಹೆಸರು ಉದ್ದ, ಕೇಕ್ ಸ್ವಲ್ಪ ದೊಡ್ಡದೇ ಬೇಕಾದೀತು.

ನಾವು ಮಾರ್ಚ್ 23ರ ಬೆಳಗಿನ ಪೂಜೆಯನ್ನು ಅಪ್ಪನ ಆತ್ಮಕ್ಕಾಗಿ ಅರ್ಪಿಸಿ ಊರಿನ ಬಸ್ಸು ಹಿಡಿಯುತ್ತೇವೆ. ಅಮ್ಮನಿಗೆ ಮೊಣಕಾಲು ನೋವು, ಆದರೂ ತೆಂಗಿನಹಾಲು ಅವರೇ ಹಿಂಡಬೇಕು. ಎರಡು ಲೋಟ ತುಂಬಿಸಿ ಇಡುತ್ತಾರೆ, ಒಂದು ಅಪ್ಪನ ಹಳೆಯ ಸ್ಟೀಲಿನ ಲೋಟ. ಎರಡನ್ನೂ ನಾವೇ ಕುಡಿಯಬೇಕೆಂಬುದು ಅವರ ಕಟ್ಟಪ್ಪಣೆ. ಸಕ್ಕರೆ ಕಾಯಿಲೆಯ ಡಾಕ್ಟರರಿಗೆ ಈ ವಿಷಯವನ್ನು ನಾವಿನ್ನೂ ತಿಳಿಸಿಲ್ಲ.