ಬಚ್ಚಲ ನೀರಿನ ಲೆಕ್ಕ

ನಾನಿರುವ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಕ್ರೋಮ್ ಲೆದರ್ ಕಂಪನಿಯಿಂದ. ಪಕ್ಕದ ಪಲ್ಲಾವರಂ, ನಾಗಲ್‌ಕೇಣಿ ಕಡೆಯ ಚರ್ಮ ಹದ ಮಾಡುವ ಘಟಕಗಳಿಗೆಲ್ಲ ಸೇರಿ ಒಂದು ಶುದ್ಧೀಕರಣ ಘಟಕ ಬಂದದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ಸುತ್ತಲಿನ ಅಂತರ್ಜಲ ಕೆಟ್ಟಿತ್ತು. ನಮ್ಮ ಮನೆ ಓನರ್ ಪಾಟಿ ಇವತ್ತಿಗೂ ಬೋರ್ ನೀರಲ್ಲಿ ಬೇಳೆ ಬೇಯಿಸುವುದಿಲ್ಲ, ಕ್ಯಾನ್ ನೀರೇ ಆಗಬೇಕು.

ಇಂಥ ಜಾಗದಲ್ಲಿ ಕೂತು ನಾನು ಮಾಡುವ ಕೆಲಸ ಕೊಳಚೆ ನೀರು ಶುದ್ಧೀಕರಣ ಘಟಕಗಳ ವಿನ್ಯಾಸ. ಈಗ ಕೈಲಿರುವುದು ನಮ್ಮ ಕೋಲಾರದಂಥದೇ ಒಂದು ಒಣ ಸೀಮೆಯ ಊರು. 50,000 ಜನ.

ಪುಸ್ತಕದ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಚರಂಡಿಗೆ. ಒಟ್ಟು 54 ಲಕ್ಷ ಲೀಟರ್. ಆದರೆ ವಾರಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ 135 ಲೀಟರ್ ಯಾರ ಮನೆ ಸೇರುತ್ತದೆ? ನಮ್ಮಮ್ಮ ಅಕ್ಕಿ ತೊಳೆದ ನೀರನ್ನು ಹಸುವಿಗೆ ಇಡುತ್ತಾಳೆ, ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ಬಿಡುತ್ತಾಳೆ. ನೀರು 60 ಲೀಟರಿಗೆ ಇಳಿದರೆ ಕೊಳಚೆ 24 ಲಕ್ಷ ಲೀಟರ್ ಕೂಡ ದಾಟುವುದಿಲ್ಲ. ಹೊಲಸು ಮಾತ್ರ ಅಷ್ಟೇ, ಅದನ್ನು ಹೊರುವ ನೀರು ಅರ್ಧಕ್ಕಿಂತ ಕಡಿಮೆ. ಹರಿವು ಸಾಲದೆ ಪೈಪಿನಲ್ಲೇ ಗಸಿ ಕೂರುತ್ತದೆ. ದೊಡ್ಡ ಯಂತ್ರಗಳ ಕರೆಂಟ್ ಬಿಲ್ ಪುರಸಭೆಯ ತಲೆಗೆ.

ಹಾಗಾದರೆ ಯಂತ್ರವೇ ಬೇಡ, ಬಿಸಿಲಿದೆ, ಜಾಗವಿದೆ, ಹೊಂಡ ತೋಡಿ ಬಿಡೋಣ ಅನ್ನಬಹುದು. ಖರ್ಚು ಕಡಿಮೆ, ನಿಜ. ಆದರೆ ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಆವಿಯಾದರೆ ಒಂದು ಹೆಕ್ಟೇರ್ ಹೊಂಡದಿಂದ 70,000 ಲೀಟರ್ ಆಕಾಶಕ್ಕೆ ಹೋಯಿತು. ಒಣ ಊರಿಗೆ ಅದೂ ನಷ್ಟವೇ.

ಯಾಕೆಂದರೆ ಅಲ್ಲಿ ಘಟಕದ ಕೆಲಸ ಹೊಲಸು ತೆಗೆಯುವುದಷ್ಟೇ ಅಲ್ಲ, ನೀರು ಉಳಿಸಿಕೊಡುವುದೂ ಹೌದು. ಚೆನ್ನೈ ಇದನ್ನು ಕಲಿತಿದೆ. ಕೊಡುಂಗೈಯೂರು, ಕೋಯಂಬೇಡುಗಳಲ್ಲಿ ಕೊಳಚೆ ನೀರನ್ನು ಆರ್‌ಒ ಹಂತದವರೆಗೆ ಶುದ್ಧಮಾಡಿ ಕೈಗಾರಿಕೆಗಳಿಗೆ ಕೊಡುತ್ತಾರೆ, ಒಂದೊಂದರಿಂದ ದಿನಕ್ಕೆ 4.5 ಕೋಟಿ ಲೀಟರ್. ನಮ್ಮ ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಬರುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಶುರುವಾದ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಗಿತ್ತು. ಮೂರನೇ ಹಂತವೂ ಬೇಕೆಂಬ ಕೂಗು ಇನ್ನೂ ಇದೆ.

ನಮ್ಮ ಮಾವನ ತೋಟದ ಬತ್ತಿದ ಬೋರಿಗೆ ಆಮೇಲೆ ಜೀವ ಬಂತು. ಟೊಮ್ಯಾಟೊ, ಹಿಪ್ಪುನೇರಳೆ ಎರಡೂ ಇಟ್ಟಿದ್ದಾರೆ. "ಬೋರಲ್ಲಿ ನೀರು ಬಂದೈತೆ ಕಣಪ್ಪ, ಸುಳ್ಳು ಹೇಳಬಾರದು. ಆದ್ರೆ ಮೊಮ್ಮಗು ಕುಡೀತೀನಿ ಅಂದ್ರೆ ಕೈ ಹಿಡಿತೀನಿ. ಓದಿರೋನು ನೀನು ಹೇಳು, ಕುಡೀಬೋದಾ?" ಅಂತ ಫೋನಿನಲ್ಲಿ ಕೇಳಿದರು. "ತೋಟಕ್ಕೆ ಬಿಡಿ ಮಾವ, ಪರೀಕ್ಷೆ ಮಾಡಿಸದೆ ಕುಡಿಯೋಕೆ ಬೇಡ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬರ ಬಂದಾಗ ತೋಟದ ನೀರು, ಕುಡಿಯೋ ನೀರು ಅಂತ ಬೇರೆ ಇರಲ್ಲಪ್ಪ" ಅಂದರು.

ಆ ಮಾತು ನನ್ನ ವರದಿಯ ಕ್ರಮವನ್ನೇ ಬದಲಿಸಿತು. ಈಗ ಮೊದಲ ಅಧ್ಯಾಯದಲ್ಲಿ ಘಟಕ ಇಲ್ಲ. ಈ ನೀರು ಯಾರ ಹೊಲಕ್ಕೆ, ಯಾವ ಬೆಳೆಗೆ ಹೋಗುತ್ತದೆ, ಯಾವ ಬಾವಿಗೆ ಇಂಗುತ್ತದೆ ಎಂಬ ನಕ್ಷೆ ಇದೆ. ಎರಡನೆಯದು, ಮನೆಗಳ ನಿಜವಾದ ಬಳಕೆಯ ಅಳತೆ. ಮೂರನೆಯದು, ಕ್ರೋಂಪೇಟೆ ಕಲಿಸಿದ ಪಾಠ: ಕಾರ್ಖಾನೆ ನೀರನ್ನು ಮನೆ ಚರಂಡಿಗೆ ಸೇರಿಸಬಾರದು. ಹೊಲಸು ತಿನ್ನುವ ಸೂಕ್ಷ್ಮಜೀವಿಗಳು ಉಪ್ಪನ್ನು ತಿನ್ನುವುದಿಲ್ಲ. ಘಟಕ ಬರುವುದು ನಾಲ್ಕನೇ ಅಧ್ಯಾಯದಲ್ಲಿ, ಅದೂ ಎರಡು ಕಂತಿನಲ್ಲಿ: ಇವತ್ತಿನ 24 ಲಕ್ಷಕ್ಕೆ ಒಂದು, ಊರಿಗೆ ನೀರು ಹೆಚ್ಚಿದ ಮೇಲೆ ಇನ್ನೊಂದು.

ಹಣ ಕೊಡುವವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಬರುವ ವಾರ ತಿಳಿಯುತ್ತದೆ.