ಎದೆಯ ಹೊಲಿಗೆ ಬಿಚ್ಚಿದವಳು

ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲದಲ್ಲಿ ಹೃದಯದ ಬೈಪಾಸ್ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ನಾವು ನರ್ಸುಗಳು ದೂರದಿಂದಲೇ ಗುರುತಿಸುತ್ತಿದ್ದೆವು. ಭುಜ ಮುಂದಕ್ಕೆ ಬಾಗಿರುತ್ತಿತ್ತು, ಕೈಯಲ್ಲೊಂದು ದಿಂಬು. ಕೆಮ್ಮು ಬಂದರೆ ಅದನ್ನು ಎದೆಗೆ ಅವುಚಿಕೊಳ್ಳಬೇಕು. ಗರಗಸದಿಂದ ಸೀಳಿ ಸ್ಟೀಲ್ ತಂತಿಯಲ್ಲಿ ಬಿಗಿದ ಎದೆಮೂಳೆ ಅದು. ಕಾರ್ಕಳದ ಕಡೆಯಿಂದ ಎಸ್.ಕೆ. ಬಾರ್ಡರ್ ಘಾಟಿಯ ತಿರುವುಗಳನ್ನು ಹತ್ತಿ ಬರುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿರುತ್ತಿತ್ತು. ಎದೆಯುದ್ದದ ಗಾಯ ಒರೆಸುವುದು, ರಕ್ತನಾಳ ತೆಗೆದ ಕಾಲಿನ ಹೊಲಿಗೆ ಬಿಚ್ಚುವುದು ನನ್ನ ಪಾಲಿನ ಕೆಲಸ.

"ಸಿಸ್ಟರ್, ಕೆಲಸಕ್ಕೆ ಯಾವಾಗ ಹೋಗ್ಬಹುದು?" ಎಲ್ಲರೂ ಇದನ್ನೇ ಕೇಳುತ್ತಿದ್ದರು. ಮೂಳೆ ಕೂಡುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ಭಾರ ಎತ್ತುವಂತಿಲ್ಲ. ಗಣಿ ಕಂಪನಿಯವರಿಗೆ ರಜೆಯಿತ್ತು. ಕಳಸದ ಕಾಫಿ ತೋಟದ ಕೂಲಿಯವರಿಗೆ ಏನಿತ್ತು?

2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು, ಟೌನ್‌ಶಿಪ್ ಬರಿದಾಯಿತು, ನಾನು ಕಳಸಕ್ಕೆ ಬಂದೆ. ಅಷ್ಟರಲ್ಲಿ, 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಯ ದೆಸೆಯಿಂದ ಸಹಕಾರ ಸಂಘದ ಸಣ್ಣ ರೈತರೂ ಹೃದಯದ ಆಪರೇಷನ್ ಮಾಡಿಸಿಕೊಳ್ಳತೊಡಗಿದ್ದರು. ಬರುವವರು ಬದಲಾದರು, ಗಾಯ ಬದಲಾಗಲಿಲ್ಲ.

ಈಚೆಗೆ ಬೈಪಾಸ್ ಮುಗಿಸಿ ಬೆಂಗಳೂರಿನಿಂದ ಮರಳಿದ ತೋಟದ ಯಜಮಾನರೊಬ್ಬರು ಅಂಗಿ ತೆಗೆದರು. ಎದೆಯ ನಡುವೆ ಒಂದು ಗೀರೂ ಇಲ್ಲ! ಎಡಪಕ್ಕೆಯಲ್ಲಿ ಬೆರಳ ತುದಿಯಷ್ಟಗಲದ ಗುರುತುಗಳು, ಪಕ್ಕದಲ್ಲೊಂದು ಸಣ್ಣ ಸೀಳು. "ರೋಬೋ ಮಾಡಿದ್ದು ಸಿಸ್ಟರ್" ಎಂದರು. ರೋಬೋ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸರ್ಜನ್ ಕನ್ಸೋಲಿನ ಮುಂದೆ ಕೂತು, ಹಿಗ್ಗಿಸಿದ ಚಿತ್ರ ನೋಡುತ್ತ ಬೆರಳಾಡಿಸಿದ ಹಾಗೆ ಪಕ್ಕೆಲುಬುಗಳ ನಡುವೆ ಇಳಿದ ಉಪಕರಣ ಒಳಗೆ ತಿರುಗುತ್ತದೆ. ಕೈಯ ಸಣ್ಣ ನಡುಕವನ್ನು ಯಂತ್ರ ತಡೆಯುತ್ತದೆ. 1998ರಲ್ಲಿ ಯುರೋಪಿನಲ್ಲಿ ಹೃದಯಕ್ಕೆ ಮೊದಲು ಬಳಸಿದ ವಿದ್ಯೆ ಇದು. ಎಲ್ಲರಿಗೂ ಒಗ್ಗುವುದಿಲ್ಲ. ಅನೇಕರಿಗೆ ಇಂದಿಗೂ ಎದೆ ತೆರೆಯಲೇಬೇಕು, ಅದರಲ್ಲಿ ತಪ್ಪೇನೂ ಇಲ್ಲ.

ಕೆಲವೇ ವಾರಗಳಲ್ಲಿ ಅವರು ತಾವೇ ಜೀಪು ಓಡಿಸಿಕೊಂಡು ಬಂದರು. ನನಗೆ ಸಂತೋಷವಾಯಿತು, ಸಂಕಟವೂ ಆಯಿತು. ಎದೆಮೂಳೆ ಉಳಿದರೆ ಹೆಚ್ಚು ಉಪಕಾರವಾಗುವುದು ಕೊಂಬೆ ಸವರುವ ಮರಗಸಿಗೆಂದು ಮರ ಹತ್ತುವವನಿಗೆ, ಕುಯ್ಲಿನಲ್ಲಿ ಕಾಫಿ ಹಣ್ಣಿನ ಚೀಲ ಹೊರುವವಳಿಗೆ. ಯಂತ್ರ ದುಬಾರಿ, ಅದರ ಉಪಕರಣಗಳನ್ನು ಇಂತಿಷ್ಟು ಬಾರಿ ಬಳಸಿ ಬದಲಿಸಬೇಕು, ಗೊತ್ತು. ಆದರೆ ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಯಾವ ಆಪರೇಷನ್ನಿಗೆ ಎಷ್ಟು ಹಣ ಎಂದು ಬರೆಯುವವರು ಆ ಮೂರು ತಿಂಗಳ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಲಿ.