ನಾಗರವೋ, ಕೇರೆಯೋ?

ಚಿತ್ರಮಂದಿರದಿಂದ ಹೊರಗೆ ಕಾಲಿಟ್ಟ ಕ್ಷಣದಲ್ಲಿ ಪ್ರತಿಯೊಬ್ಬ ಪ್ರೇಕ್ಷಕನೂ ವಿಮರ್ಶಕನಾಗುತ್ತಾನೆ. ಟಿಕೆಟ್ಟಿಗೆ ದುಡ್ಡು ಕೊಟ್ಟವನಿಗೆ ಅಭಿಪ್ರಾಯದ ಹಕ್ಕು ಪುಕ್ಕಟೆಯಾಗಿ ದೊರೆಯುತ್ತದೆ. ‘ಚೆನ್ನಾಗಿತ್ತು’ ಎನ್ನುವವರ ಮಾತು ಬಸ್ ನಿಲ್ದಾಣವನ್ನು ತಲಪುವ ಮೊದಲೇ ಮುಗಿಯುತ್ತದೆ. ‘ಏನೂ ಸಾರವಿಲ್ಲ’ ಎನ್ನುವವರ ಮಾತು ಮನೆಯ ಊಟದ ಎಲೆಯ ತನಕ ಸಾಗುತ್ತದೆ. ನಿರಾಶೆಗೆ ಇರುವಷ್ಟು ದೊಡ್ಡ ಬಾಯಿ ತೃಪ್ತಿಗೆ ಇಲ್ಲ. ಆದರೂ ಒಂದೇ ಚಿತ್ರದ ಮೇಲಿನ ನಿರಾಶೆಯನ್ನು ಐವತ್ತು ವರ್ಷಗಳ ಕಾಲ ಜತನದಿಂದ ಕಾಪಾಡಿಕೊಂಡು ಬಂದವರು ವಿರಳವೆಂದೇ ಹೇಳಬೇಕು.

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಅಂಥವರೊಬ್ಬರಿದ್ದಾರೆ. ನಿವೃತ್ತ ಉಪಾಧ್ಯಾಯರು, ಊರಿನವರ ಬಾಯಲ್ಲಿ ಮೇಷ್ಟರು. ಮನೆಯ ಹಿಂದೆ ನಾಲ್ಕು ತೆಂಗು, ಮುಂದೆ ಒಂದು ಜಗಲಿ, ಒಳಗೆ ಕಪಾಟಿನ ತುಂಬ ತ.ರಾ. ಸುಬ್ಬರಾಯರ ಕಾದಂಬರಿಗಳು: ಇಷ್ಟು ಅವರ ಆಸ್ತಿ. ದುರ್ಗದ ಕೋಟೆಯ ಕಲ್ಲುಗಳಿಗೆ ಮಾತು ಕೊಟ್ಟು ಕನ್ನಡಿಗರ ಮನೆಮನೆಗೆ ಕಳುಹಿಸಿದ ತ.ರಾ.ಸು. ಅವರೆಂದರೆ ಆ ಸೀಮೆಯ ಓದುಗರಿಗೆ ಮನೆಯ ಹಿರಿಯರಿದ್ದಂತೆ. ಅವರ ಕಾದಂಬರಿಯೊಂದು ಬೆಳ್ಳಿತೆರೆಗೆ ಬರುತ್ತದೆಂದರೆ ಮನೆಮಗಳನ್ನು ಕೊಟ್ಟು ಕಳುಹಿಸಿದಷ್ಟೇ ಆತಂಕ. ಹೋದ ಮನೆಯಲ್ಲಿ ಹೇಗೆ ನಡೆಸಿಕೊಳ್ಳುತ್ತಾರೋ!

ಎಲ್ಲ ಸಂಬಂಧಗಳೂ ಕೆಟ್ಟವೆಂದು ಮೇಷ್ಟರು ಹೇಳುವುದಿಲ್ಲ. 1964ರಲ್ಲಿ ಬಂದ ‘ಚಂದವಳ್ಳಿಯ ತೋಟ’ವನ್ನು ಅವರು ಇಂದಿಗೂ ಕೈಯೆತ್ತಿ ಮೆಚ್ಚುತ್ತಾರೆ. ಹಳ್ಳಿಯ ತುಂಬಿದ ಮನೆಯೊಂದು ಒಡೆಯುವ ಕಥೆಯನ್ನು ಟಿ.ವಿ. ಸಿಂಗ್ ಠಾಕೂರರು ಆಡಂಬರವಿಲ್ಲದೆ ಹೇಳಿದರು. ಗೋಡೆ ಬಿರುಕುಬಿಡುವ ಸದ್ದು ನೋಡುವವರ ಮನೆಯಲ್ಲೇ ಕೇಳಿಸಿತು. ‘ಹಂಸಗೀತೆ’ಗಂತೂ ಎರಡು ಬಾರಿ ತೆರೆಯ ಯೋಗ ಬಂದಿತು. 1956ರಲ್ಲಿ ಅದು ಹಿಂದಿಯ ‘ಬಸಂತ್ ಬಹಾರ್’ ಆಯಿತು. ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಜೊತೆಗೂಡಿ ಹಾಡಿದ ಆ ಚಿತ್ರದಲ್ಲಿ ಸಂಗೀತಕ್ಕೆ ಬರವಿರಲಿಲ್ಲ. “ಕಥೆ ಉಳಿಯಿತು, ಊರು ಹೋಯಿತು” ಎಂಬುದು ಮೇಷ್ಟರ ತೀರ್ಪು. 1975ರಲ್ಲಿ ಜಿ.ವಿ. ಅಯ್ಯರ್ ಅವರು ಅದನ್ನೇ ಕನ್ನಡದಲ್ಲಿ ತೆಗೆದಾಗ ಊರು ತಿರುಗಿ ಬಂದಿತು. ಅನಂತನಾಗ್ ಅವರ ಭೈರವಿ ವೆಂಕಟಸುಬ್ಬಯ್ಯ, ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಬಾಲಮುರಳಿಕೃಷ್ಣರ ಕಂಠ, ಇವುಗಳ ನಡುವೆ ಬಂಡೆಗಳ ಮೌನ. ಚಿತ್ರ ಬಹಳ ನಿಧಾನವೆಂದು ದೂರುವವರಿಗೆ ಮೇಷ್ಟರು ಕೊಡುವ ಉತ್ತರ ಒಂದೇ: “ರಾಗ ಅರಳುವುದಕ್ಕೆ ಹೊತ್ತು ಬೇಡವೇನಯ್ಯಾ?”

ಇಂಥ ಉದಾರಿಗಳಾದ ಮೇಷ್ಟರು ‘ನಾಗರಹಾವು’ ಎಂದೊಡನೆ ಹೆಡೆಯೆತ್ತುತ್ತಾರೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರ 1972ರ ಡಿಸೆಂಬರಿನಲ್ಲಿ ತೆರೆಕಂಡಿತು. ಮೇಷ್ಟರು ಆಗ ದುರ್ಗದಲ್ಲಿ ಕಾಲೇಜು ವಿದ್ಯಾರ್ಥಿ. ಮೂರೂ ಪುಸ್ತಕಗಳು ಕಂಠಸ್ಥ. ಪುಟಪುಟಕ್ಕೂ ಬೆಳೆಯುವ ರಾಮಾಚಾರಿಯ ಮನಸ್ಸು ತೆರೆಯ ಮೇಲೆ ಬರಿಯ ಸಿಟ್ಟಾಗಿ ಕಂಡಿತೆಂದು ಅವರಿಗೆ ವ್ಯಥೆಯಾಯಿತು. ಓಬವ್ವನಾಗಿ ಜಯಂತಿಯವರು ಒನಕೆ ಹಿಡಿದು ನಿಂತ ಗೀತಭಾಗಕ್ಕೆ ಮೈ ನವಿರೆದ್ದಿತು, ನಿಜ. ಆದರೆ ಅಷ್ಟು ಹೊತ್ತು ಕಥೆ ಕೋಟೆಯ ಬಾಗಿಲ ಹೊರಗೆ ಕಾಯುತ್ತ ನಿಂತಿತೆಂಬುದು ಅವರ ಆಕ್ಷೇಪ. ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವು ಮಾಡಿಬಿಟ್ಟರೆಂದು ಸ್ವತಃ ತ.ರಾ.ಸು. ಅವರೇ ಮುನಿಸಿಕೊಂಡ ಸಂಗತಿ ನಾಡಿಗೆಲ್ಲ ತಿಳಿದದ್ದೇ. ಕಾದಂಬರಿಕಾರರೇ ತೀರ್ಪಿತ್ತ ಮೇಲೆ ಮೇಲ್ಮನವಿಯೆಲ್ಲಿಯದು?

ಹತ್ತಾರು ವರ್ಷಗಳ ಮೇಲೆ ಚಿತ್ರ ಟೂರಿಂಗ್ ಟಾಕೀಸಿನ ಡೇರೆಗೆ ಬಂದಿತು. ಅಷ್ಟರಲ್ಲಿ ಅವರಿಗೆ ಮದುವೆಯಾಗಿತ್ತು, ಉಪಾಧ್ಯಾಯ ವೃತ್ತಿಯೂ ದೊರೆತಿತ್ತು. ಪತ್ನಿಯ ಬಲವಂತಕ್ಕೆ ಹೋಗಿ ಕುಳಿತವರಿಗೆ ಈ ಸಲ ಕಣ್ಣಿಗೆ ಬಿದ್ದವರು ರಾಮಾಚಾರಿಯಲ್ಲ, ಅಶ್ವತ್ಥರ ಚಾಮಯ್ಯ ಮೇಷ್ಟರು. ತನ್ನನ್ನು ದೇವರೆಂದು ನಂಬಿದ ಹುಡುಗನಿಗೆ, ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡೆಂದು ಹೇಳುವ ಗುರು. ಶಿಷ್ಯ ಬಿಟ್ಟುಕೊಡುತ್ತಾನೆ. ಅವಳ ಮದುವೆ ಬೇರೊಬ್ಬನೊಡನೆ ನಡೆದುಹೋಗುತ್ತದೆ. ಮುಂದೊಂದು ದಿನ ರಾಮಾಚಾರಿಗೆ ಅವಳು ಎದುರಾಗುವುದು ದೊಡ್ಡ ಹೋಟೆಲೊಂದರಲ್ಲಿ, ಕೈಹಿಡಿದ ಗಂಡನೇ ಮಾರಿಕೊಂಡ ಹೆಣ್ಣಾಗಿ.

ದಾರಿಯಲ್ಲಿ ಮೇಷ್ಟರು ಗುರುಭಕ್ತಿಯ ಮಹಿಮೆಯನ್ನು ವರ್ಣಿಸತೊಡಗಿದರು. ಎಂಥ ತ್ಯಾಗ!

“ಏನೂಂದ್ರೆ, ತ್ಯಾಗ ಮಾಡಿದವರು ಯಾರು?” ಎಂದು ಪತ್ನಿ ಕೇಳಿದರು.

“ರಾಮಾಚಾರಿ.”

“ಬಾಳು ಹೋದದ್ದು ಯಾರದು?”

ಮೇಷ್ಟರು ಸುಮ್ಮನಾದರು.

“ಗುರುಗಳೂ ಶಿಷ್ಯರೂ ಸೇರಿ ಅವಳನ್ನು ತ್ಯಾಗ ಮಾಡಿದರು. ನಿನ್ನ ಮನಸ್ಸಿನಲ್ಲೇನಿದೆ ತಾಯಿ ಎಂದು ಅವಳನ್ನು ಒಂದು ಮಾತು ಕೇಳಬಹುದಿತ್ತಲ್ಲ!”

ಪುಸ್ತಕಗಳನ್ನು ಅಷ್ಟು ಸಲ ತಿರುವಿದ್ದರೂ ಈ ಪ್ರಶ್ನೆ ಮೇಷ್ಟರಿಗೆ ಹೊಳೆದಿರಲಿಲ್ಲ. ಡೇರೆಯಲ್ಲಿ ಮರಳಿನ ಮೇಲೆ ಕುಳಿತು ಒಂದೇ ಸಲ ನೋಡಿದ ಹೆಂಗಸಿಗೆ ಹೊಳೆದಿತ್ತು. ಚಿತ್ರ ಕೆಟ್ಟದ್ದಾಗಿದ್ದರೆ ಪ್ರಶ್ನೆ ಎಲ್ಲಿಂದ ಬಂದಿತು ಎಂಬ ಸಂದೇಹ ಅಂದು ಅವರ ಮನಸ್ಸನ್ನು ಹೊಕ್ಕಿತು. ತೀರ್ಪನ್ನು ಮಾತ್ರ ಬದಲಿಸಲಿಲ್ಲ.

ಆ ಪ್ರಶ್ನೆ ಮತ್ತೆ ಮನೆಗೆ ಬಂದದ್ದು ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ. ಮೇಷ್ಟರ ಅಣ್ಣ ಒಂದು ಸಂಬಂಧ ತಂದರು. ಒಳ್ಳೆಯ ಮನೆತನ, ಹುಡುಗನಿಗೆ ಸರಕಾರಿ ಕೆಲಸ. ಅಣ್ಣನ ಮಾತೆಂದರೆ ಮೇಷ್ಟರಿಗೆ ವೇದವಾಕ್ಯ; ಜಗಲಿಯ ಮೇಲೆಯೇ ಆಗಲೆಂದುಬಿಟ್ಟರು. ರಾತ್ರಿ ಊಟಕ್ಕೆ ಬಡಿಸುವಾಗ ಪತ್ನಿ ಅಂದದ್ದು ಇಷ್ಟೇ: “ಚಾಮಯ್ಯ ಮೇಷ್ಟರೇ, ಅವಳನ್ನು ಕೇಳಿದಿರಾ?”

ಕೈಯ ತುತ್ತು ಕೈಯಲ್ಲೇ ಉಳಿಯಿತು. ಮರುದಿನ ಮಗಳನ್ನು ಕರೆದು ಕೇಳಿದರು. ಮದುವೆ ಈಗ ಬೇಡ, ಮೈಸೂರಿಗೆ ಹೋಗಿ ಎಂ.ಎ. ಓದಬೇಕೆಂದು ಅವಳು ತಲೆ ತಗ್ಗಿಸಿಕೊಂಡೇ, ಆದರೆ ಸ್ಪಷ್ಟವಾಗಿ ಹೇಳಿದಳು. ಮೇಷ್ಟರು ಅಣ್ಣನ ಮನೆಗೆ ಹೋಗಿ, ಕೊಟ್ಟ ಮಾತನ್ನು ಹಿಂದಕ್ಕೆ ಪಡೆದು ಬಂದರು. ಅಣ್ಣ ಎರಡು ವರ್ಷ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಒಂದು ಚಲಚ್ಚಿತ್ರಕ್ಕಾಗಿ ಇಷ್ಟು ದೊಡ್ಡ ಬೆಲೆಯನ್ನು ತೆತ್ತ ಪ್ರೇಕ್ಷಕರು ಹೆಚ್ಚಿರಲಾರರು.

2018ರಲ್ಲಿ ‘ನಾಗರಹಾವು’ ಹೊಸ ಬಣ್ಣ, ಹೊಸ ಧ್ವನಿಗಳೊಡನೆ ಮತ್ತೆ ಬಿಡುಗಡೆಯಾಯಿತು. ಅಷ್ಟು ಹೊತ್ತಿಗೆ ಮಗಳು ಸ್ವತಃ ಅಧ್ಯಾಪಕಿ. ತಂದೆತಾಯಿಗಳನ್ನು ಅವಳೇ ಕರೆದುಕೊಂಡು ಹೋದಳು. ಕೊನೆಯ ದೃಶ್ಯದಲ್ಲಿ, ಶಿಷ್ಯನ ಕೈಯಿಂದಲೇ ಗುರು ಬೆಟ್ಟದಿಂದ ಉರುಳುವಾಗ, ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ತಾಯಿಮಗಳಿಬ್ಬರೂ ಗಮನಿಸಿದರು, ಗಮನಿಸದವರಂತೆ ಇದ್ದರು.

“ಈಗಲಾದರೂ ಹೇಳಿ, ಚಿತ್ರ ಹೇಗಿದೆ?” ಎಂದು ಪತ್ನಿ ಕೆಣಕಿದರು.

“ತ.ರಾ.ಸು. ಅವರ ಮಾತೇ ಮಾತು. ಅದು ಕೇರೆಯೇ.”

“ಆಗಲಿ. ನಾಗರಕ್ಕೆ ಕೈಮುಗಿದು ದೂರ ನಿಲ್ಲುತ್ತೀರಿ. ಹೊಲದಲ್ಲಿ ಇಲಿ ಹಿಡಿದು ಬೆಳೆ ಉಳಿಸುವುದು ಕೇರೆಯೇ ಅಲ್ಲವೇ?”

ರೈತರ ಮನೆಯಲ್ಲಿ ಬೆಳೆದ ಹೆಂಗಸಿನ ಈ ಮಾತಿಗೆ ಮೇಷ್ಟರ ಬಳಿ ಉತ್ತರವಿರಲಿಲ್ಲ. ಪುಸ್ತಕಕ್ಕೆ ನಿಷ್ಠವಾಗದ ಚಿತ್ರ ಪುಸ್ತಕಪ್ರೇಮಿಗೆ ನಿರಾಶೆಯನ್ನು ತರುತ್ತದೆ. ಆ ನಿರಾಶೆಯೂ ನ್ಯಾಯವೇ. ಆದರೆ ಪುಸ್ತಕವನ್ನು ಓದದ ಸಾವಿರಾರು ಜನ ಅದೇ ಚಿತ್ರದಿಂದ ತಮಗೆ ಬೇಕಾದ ಒಂದು ಕಾಳನ್ನು ಆರಿಸಿಕೊಂಡು ಮನೆಗೆ ಹೋಗುತ್ತಾರೆ. ಅದು ಮೊಳೆಯುವುದು ಇಪ್ಪತ್ತು ವರ್ಷಗಳ ಮೇಲೂ ಆದೀತು.

ಈಗ ಮೇಷ್ಟರ ಮೊಮ್ಮಗಳಿಗೆ ಕಾದಂಬರಿ ಓದುವ ವಯಸ್ಸು. ಮೊದಲು ಪುಸ್ತಕ, ಆಮೇಲೆ ಚಿತ್ರ ಎಂಬುದು ತಾತನ ಕಟ್ಟಪ್ಪಣೆ. ಮೊದಲು ಚಿತ್ರವೇ ಆಗಲಿ ಎಂಬುದು ಅಜ್ಜಿಯ ಪಕ್ಷ. ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಆ ಮನೆಯ ಈಗಿನ ಪದ್ಧತಿಯಂತೆ, ಹುಡುಗಿಯನ್ನೇ ಕೇಳುವುದೆಂದು ತೀರ್ಮಾನವಾಗಿದೆ.